ಕೌದಿಯ ಪೋಡಿ

ನಮ್ಮ ಬಳಗಕ್ಕೆಲ್ಲ ತೊಟ್ಟಿಲು ಒಂದೇ. ತೇಗದ ತೊಟ್ಟಿಲು, ನಾಲ್ಕು ಮೂಲೆಗೆ ನಾಲ್ಕು ಗಿಳಿ, ಒಂದು ಗಿಳಿಗೆ ಕೊಕ್ಕಿಲ್ಲ. ಆ ಕೊಕ್ಕನ್ನು ಹಲ್ಲು ಬರುವ ಕಾಲದಲ್ಲಿ ಕಡಿದು ಹಾಕಿದವನು ನಾನೇ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಸಾಕ್ಷಿದಾರರು ಈಗ ಯಾರೂ ಉಳಿದಿಲ್ಲವಾದ್ದರಿಂದ ಆ ಆರೋಪ ತಾನಾಗಿಯೇ ಬಿದ್ದುಹೋಗಿದೆ. ತೊಟ್ಟಿಲು ಯಾರೊಬ್ಬರ ಸ್ವತ್ತೂ ಅಲ್ಲ. ಬಳಗದಲ್ಲಿ ಎಲ್ಲಿ ಕೂಸು ಹುಟ್ಟುತ್ತದೋ ಅಲ್ಲಿಗೆ ಹೆಸರಿಡುವ ದಿನದೊಳಗೆ ಅದು ಹೋಗಿ ಮುಟ್ಟಬೇಕು. ಒಳಗೆ ಮಲಗಿದವರನ್ನು ಎಬ್ಬಿಸಿಯಾದರೂ ಸರಿ. ಹೀಗೆ ಅದು ಯಲಬುರ್ಗಾ ನೋಡಿದೆ, ಕೊಪ್ಪಳ ನೋಡಿದೆ, ಕೆಲವು ವರ್ಷಗಳಿಂದ ಗಂಗಾವತಿಯ ನಮ್ಮ ಮನೆಯಲ್ಲಿ ತೂಗುತ್ತಿತ್ತು. ಕುಷ್ಟಗಿಯ ನನ್ನ ತಂಗಿಗೆ ಮೊಮ್ಮಗ ಹುಟ್ಟಿದ ಸುದ್ದಿ ಫೋನಿನಲ್ಲಿ ಬಂದಾಗ ನಾವೆಲ್ಲ ಸಂತೋಷಪಟ್ಟೆವು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಯಾಕೆಂದರೆ ತೊಟ್ಟಿಲಿನಲ್ಲಿ ಇನ್ನೂ ನಮ್ಮ ಮೊಮ್ಮಗಳು ಮಲಗುತ್ತಿದ್ದಳು. ಅವಳಿಗೆ ಮೂರು ತುಂಬಿತ್ತು. ತಮ್ಮ ಹುಟ್ಟಿದಾಗಲೇ ನ್ಯಾಯವಾಗಿ ಅವಳು ಜಾಗ ಖಾಲಿ ಮಾಡಬೇಕಿತ್ತು, ಮಾಡಲಿಲ್ಲ. ಕೇಳಲು ಹೋದವರ ಎದುರು ಗಿಳಿಯ ಕುತ್ತಿಗೆ ಹಿಡಿದುಕೊಂಡು ಕೂತಳು. ಕಡೆಗೆ ತಮ್ಮನಿಗೆ ಪಕ್ಕದಲ್ಲಿ ಅಜ್ಜಿಯ ಹಳೆಯ ಸೀರೆಯಿಂದ ಜೋಲಿ ಕಟ್ಟಿದೆವು. ಅವನಿಗೂ ಈಗ ಎರಡು ತುಂಬುತ್ತ ಬಂದು, ತೂಗಿದಾಗಲೆಲ್ಲ ಅವನ ಕುಂಡಿ ನೆಲ ಒರೆಸುತ್ತಿತ್ತು. ಆ ಒಂದು ಪಟ್ಟಿಯಷ್ಟು ಜಾಗಕ್ಕೆ ಕಸಬರಿಗೆ ಬೇಕಿಲ್ಲ ಎಂದು ನನ್ನ ಹೆಂಡತಿ ಹೇಳುತ್ತಿದ್ದಳು.

ಗೂಡ್ಸ್ ಆಟೋದಲ್ಲಿ ತೊಟ್ಟಿಲು ಕುಷ್ಟಗಿಗೆ ಹೊರಟಾಗ ಮೊಮ್ಮಗಳು ಬಾಗಿಲಲ್ಲಿ ನಿಂತು ನೋಡಿದಳು. ಅಳಲಿಲ್ಲ. ಅಳದಿದ್ದಾಗಲೇ ನಮಗೆ ತಿಳಿಯಬೇಕಿತ್ತು. ಆ ಸಂಜೆ ತಮ್ಮನನ್ನು ಜೋಲಿಯಲ್ಲಿ ಮಲಗಿಸಿ ನಾವು ಈ ಕಡೆ ತಿರುಗಿದ್ದೇ ತಡ, ಅವಳೂ ಅದರೊಳಗೆ ಇಳಿದಳು. ಅವನ ಪಕ್ಕದಲ್ಲಲ್ಲ, ಅವನ ಮೇಲೆ. ಜಂತಿಯ ಕೊಂಡಿ ಒಮ್ಮೆ ಕಿರ್ರೆಂದಿತು. ಮಕ್ಕಳಿಬ್ಬರೂ ಮೆತ್ತಗೆ ನೆಲಕ್ಕೆ ಇಳಿದರು. ಅವರ ಹಿಂದೆ ಕೊಂಡಿ ಇಳಿಯಿತು. ಕೊಂಡಿಯ ಹಿಂದೆ ಒಂದು ಬೊಗಸೆ ಸುಣ್ಣ. ಯಾರಿಗೂ ಏನೂ ಆಗಲಿಲ್ಲ. ಇಬ್ಬರೂ ಸುಣ್ಣದ ತಲೆ ಹೊತ್ತುಕೊಂಡು, ಸೀರೆಯ ಗಂಟಿನ ನಡುವೆ ಕೂತು, ಇದನ್ನು ಇನ್ನೊಮ್ಮೆ ಮಾಡಬಹುದೇ ಎಂಬಂತೆ ಮೇಲೆ ನೋಡಿದರು.

"ಆತ್ ನೋಡ್ರಿ," ಎಂದಳು ನನ್ನ ಹೆಂಡತಿ. "ಒಂದs ದಿನ ಎರಡೂ ತೊಟ್ಲಾ ಮುಗದ್ವು."

ಬೇರೆ ಮನೆಯಲ್ಲಾಗಿದ್ದರೆ ಇದು ನಕ್ಕು ಮರೆಯುವ ಸಂಗತಿ. ನಮ್ಮಲ್ಲಿ ಹಾಗಿರಲಿಲ್ಲ. ನಮ್ಮ ಸೊಸೆ ಆಸ್ಪತ್ರೆಯಲ್ಲಿ ನರ್ಸು, ಅದೂ ಹೆರಿಗೆ ವಾರ್ಡಿನಲ್ಲಿ. ಆ ವಾರ್ಡೆಂದರೆ ಅವಳಿಗೆ ಜೀವ. ಕಾಲು ಮುಂದಾಗಿ ಬಂದ ಕೂಸು ಹೇಗೆ ಹೊರಗೆ ಬಂತು ಎಂಬುದನ್ನು ಊಟಕ್ಕೆ ಕೂತಾಗ ಅವಳು ಕೈ ಮಾಡಿ ತೋರಿಸುತ್ತಾಳೆ; ನನ್ನ ಮಗ ತಟ್ಟೆ ಬಿಟ್ಟು ಎದ್ದು ಹೋಗುತ್ತಾನೆ; ನಾನು ಇನ್ನೊಂದಿಷ್ಟು ಸಾರು ಹಾಕಿಸಿಕೊಂಡು ಮುಂದೇನಾಯಿತು ಎಂದು ಕೇಳುತ್ತೇನೆ. ಚಿಕ್ಕವನು ಹುಟ್ಟಿದಾಗಿನಿಂದ ಅವಳ ಪಾಲಿನ ರಾತ್ರಿ ಪಾಳಿಯನ್ನು ಗೆಳತಿಯೊಬ್ಬಳು ನೋಡಿಕೊಂಡಿದ್ದಳು. ಈಗ ಆ ಗೆಳತಿಯೇ ಬಸಿರಿ. ಬರುವ ತಿಂಗಳಿನಿಂದ ರಾತ್ರಿ ಪಾಳಿ ನಮ್ಮ ಸೊಸೆಯದು.

ಕೊಂಡಿ ಕಿತ್ತು ಬಂದ ಸಂಜೆಯೇ ಅವಳು ನನ್ನ ಮುಂದೆ ಬಂದು ಕೂತಳು.

"ಮಾವಾರ, ಇವು ನನ್ನ ಬಿಟ್ಟು ಮಲಗೂದು ಕಲೀಬೇಕ್ರಿ. ಇಲ್ಲಾಂದ್ರ ನನಗ ರಾತ್ರಿ ಆಗಂಗಿಲ್ಲಂತ ಹೇಳಬೇಕಾಕ್ಕೈತಿ. ಹಂಗಂದಾಕಿನ್ನ ಹೆರಿಗಿ ವಾರ್ಡಿನ್ಯಾಗ ಯಾಕ ಇಟ್ಕೋತಾರ? ಹೊರಗ ಚೀಟಿ ಬರಿಯಾಕ ಕೂಡಸ್ತಾರ."

"ನೀ ಕಾಳಜಿ ಮಾಡಬ್ಯಾಡವಾ, ನಾ ಅದೀನಿ," ಎಂದೆ.

ಒಳಗಿನಿಂದ ನನ್ನ ಹೆಂಡತಿ ಕೆಮ್ಮಿದಳು. ಅವಳಿಗೆ ನೆಗಡಿ ಇರಲಿಲ್ಲ.

ನಡುಮನೆಯಲ್ಲಿ ಹಳೆಯ ಸೀರೆಗಳ ತುಂಡು ಕೂಡಿಸಿ ಹೊಲಿದ ದೊಡ್ಡ ಕೌದಿ ಹಾಸಿದೆವು. ಸೊಳ್ಳೆಪರದೆ ಕಟ್ಟಿದೆವು, ಸುತ್ತ ಭತ್ತದ ಗದ್ದೆಯಿರುವ ಊರಿನಲ್ಲಿ ಪರದೆ ಇಲ್ಲದೆ ಮಲಗುವವನು ರಕ್ತದಾನಿ. ತೊಟ್ಟಿಲಿಗೂ ಕೌದಿಗೂ ಇರುವ ವ್ಯತ್ಯಾಸ ನನಗೆ ಆವತ್ತೇ ಗೊತ್ತಾದದ್ದು. ತೊಟ್ಟಿಲೆಂದರೆ ಬಂದೀಖಾನೆ, ಒಳಗಿದ್ದವರು ಎಷ್ಟು ಒದರಿದರೂ ಒಳಗೇ ಇರುತ್ತಾರೆ. ಕೌದಿಗೆ ಗೋಡೆಯಿಲ್ಲ. ಈ ರಹಸ್ಯ ಮೊದಲು ಹೊಳೆದದ್ದು ದೊಡ್ಡವಳಿಗೆ. ಮಲಗಿದವಳು ಒಂದು ಕಾಲನ್ನು ಪರದೆಯ ಆಚೆ ಇಟ್ಟು ನೋಡಿದಳು. ಯಾರೂ ತಡೆಯಲಿಲ್ಲ. ಇನ್ನೊಂದು ಕಾಲನ್ನೂ ಇಟ್ಟಳು. ಆಮೇಲೆ ಅಡಿಗೆಮನೆ, ಬಚ್ಚಲು, ಹಿತ್ತಿಲ ಬಾಗಿಲು, ಹೀಗೆ ಹಗಲೆಲ್ಲ ನೋಡಿದ ಮನೆಯನ್ನೇ ಹೊಸದಾಗಿ ಗೆದ್ದವಳ ಹಾಗೆ ಸುತ್ತಿದಳು. ಹಿಂದೆ ತಮ್ಮ, ಸೈನ್ಯದ ಹಾಗೆ. ಕರೆದು ತಂದರೆ ನೀರು ಬೇಕು. ನೀರು ಕುಡಿದರೆ ಬಚ್ಚಲಿಗೆ ಹೋಗಬೇಕು. ಹೋಗಿ ಬಂದರೆ ಖಾಲಿಯಾದ ಜಾಗಕ್ಕೆ ಮತ್ತೆ ನೀರು ಬೇಕು.

ತಾಯಿ ಕಣ್ಣಿಗೆ ಬಿದ್ದರೆ ಎಲ್ಲ ಕೆಡುತ್ತದೆಂದು, ರಾತ್ರಿ ಪಾಳಿಯ ತಾಲೀಮು ಎಂಬಂತೆ, ದೀಪ ಹಚ್ಚುವ ಹೊತ್ತಿಗೆ ಸೊಸೆ ಪಕ್ಕದ ಮನೆಯ ಕಟ್ಟೆಗೆ ಹೋಗಿ ಕೂಡಬೇಕೆಂದು ತೀರ್ಮಾನವಾಯಿತು. ಅವಳು ಹೋಗಿ ಕೂಡುತ್ತಿದ್ದಳು. ಒಳಗೆ ಗದ್ದಲ ಏಳುತ್ತಿತ್ತು. ಮನೆಯ ಹಿಂದೆ ಅಕ್ಕಿ ಮಿಲ್ಲು ಇದೆ. ಅದರ ಸದ್ದನ್ನೂ ಮೀರಿ ನಮ್ಮ ಮನೆಯ ಸದ್ದು ಕಟ್ಟೆಯವರೆಗೆ ಹೋಗುತ್ತಿತ್ತು. ಕಡೆಗೆ ಅವಳೇ ಎದ್ದು ಬಂದು ಇಬ್ಬರ ನಡುವೆ ಅಡ್ಡಾಗುತ್ತಿದ್ದಳು. ತಾಯಿಯ ಒಂದು ಕಿವಿ ತಮ್ಮ, ಇನ್ನೊಂದು ಕಿವಿ ಅಕ್ಕ ಹಿಡಿದುಕೊಂಡು ಕಣ್ಣು ಮುಚ್ಚಿದರೆ ಮುಗಿಯಿತು, ಸ್ವಿಚ್ಚು ಆರಿಸಿದಂತೆ ನಿದ್ದೆ. ಬೇರೆ ತಾಯಂದಿರು ಇದಕ್ಕೆ ಹೆಮ್ಮೆ ಪಡುತ್ತಾರೆ. ನಮ್ಮ ಸೊಸೆ ಎರಡೂ ಕಿವಿ ಬಿಡಿಸಿಕೊಂಡು ಎದ್ದು ಉಣ್ಣಲು ಕೂಡುತ್ತಿದ್ದಳು. ವಾರ್ಡಿನ ಕತೆ ನಿಂತೇಹೋಯಿತು. ಸಾರಿಗೆ ರುಚಿಯಿರಲಿಲ್ಲ.

ಮೊದಲು ನನ್ನ ಮಗ ಮುಂದೆ ಬಂದ. ದಣಿಸಿದರೆ ಮಲಗುತ್ತಾರೆ ಎಂಬುದು ಅವನ ಸಿದ್ಧಾಂತ. ಒಂದು ಭಾನುವಾರ ಇಬ್ಬರನ್ನೂ ಸಾಣಾಪುರದ ಕೆರೆಗೆ ಕರೆದುಕೊಂಡು ಹೋಗಿ, ಹರಗೋಲಿನಲ್ಲಿ ಕೂಡಿಸಿ, ಬಂಡೆಯ ಮೇಲೆ ಹತ್ತಿಸಿ ಇಳಿಸಿ, ಬಿಸಿಲಲ್ಲಿ ಓಡಿಸಿದ. ದಣಿದರು, ಸುಳ್ಳಲ್ಲ. ತಿರುಗಿ ಬರುವಾಗ ಆಟೋದಲ್ಲೇ ನಿದ್ದೆ ಹೋದರು, ಎತ್ತಿ ಒಳಗೆ ತಂದರೂ ಏಳಲಿಲ್ಲ. ಸಂಜೆ ಎಲ್ಲರ ಮನೆಯಲ್ಲಿ ಮಕ್ಕಳು ಆಕಳಿಸುವ ಹೊತ್ತಿಗೆ ಸರಿಯಾಗಿ ಎದ್ದು, ಮುಖ ತೊಳೆದು, ಹೊಸ ದಿನ ಆರಂಭಿಸಿದರು. ಮಗ ಅವರನ್ನು ಮಲಗಿಸಲು ಹೋಗಿ ತಾನೇ ಗೊರಕೆ ಹೊಡೆದ. ಇಬ್ಬರೂ ಅವನ ಹೊಟ್ಟೆಯ ಮೇಲೆ ಕೂತು ಹರಗೋಲು ಆಡಿದರು.

ನನ್ನ ಹೆಂಡತಿ ಹಳೆಯ ಪದ್ಧತಿಯವಳು. "ಗುಮ್ಮ ಬರ್ತಾನ, ಕಣ್ಣ ಮುಚ್ಚು," ಎಂದಳು.

"ಎಲ್ಲದಾನ?" ಎಂದು ಎದ್ದು ಕೂತಳು ದೊಡ್ಡವಳು.

"ಬಾಗಲದಾಗ."

ಅಜ್ಜಿ ಹಾಗೆನ್ನಬಾರದಿತ್ತು. ಇಬ್ಬರೂ ಓಡಿಹೋಗಿ ಚಿಲಕ ತೆಗೆದರು. ಮೊಸರಿಗೆ ಹೆಪ್ಪು ಕೇಳಲು ಪಕ್ಕದ ಮನೆಯ ಹೆಣ್ಣುಮಗಳು ಬಟ್ಟಲು ಹಿಡಿದು ಆಗಷ್ಟೇ ಬಂದು ನಿಂತಿದ್ದಳು. "ಗುಮ್ಮ ಬಂದ್ಲು! ಗುಮ್ಮ ಬಂದ್ಲು!" ಎಂದು ಎರಡೂ ಕೈ ಹಿಡಿದು ಒಳಗೆ ಎಳೆದು ತಂದು ಕೌದಿಯ ಮೇಲೆ ಕೂಡಿಸಿದರು. ಅವಳ ಮೂಗು, ಬಳೆ, ಬಟ್ಟಲು ಎಲ್ಲವನ್ನೂ ಮುಟ್ಟಿ ಪರೀಕ್ಷಿಸಿದರು. ಆಮೇಲಿಂದ ಆ ತಾಯಿ ಹೆಪ್ಪಿಗೆ ಬೇರೆ ಮನೆ ನೋಡಿಕೊಂಡಿದ್ದಾಳೆ.

ಉಳಿದವನು ನಾನು. ನನ್ನ ವೃತ್ತಿಯ ವಿಷಯ ಇಲ್ಲಿ ಹೇಳಬೇಕು. ನಾನು ಸರಕಾರಿ ಮೋಜಣಿದಾರನಾಗಿ ನಿವೃತ್ತನಾದವನು. ಕುಷ್ಟಗಿ, ಯಲಬುರ್ಗಾ ಕಡೆಯ ಕಪ್ಪು ಎರೆಹೊಲ, ಕೆಂಪು ಮಸಾರಿ ಹೊಲಗಳಲ್ಲಿ ಸರಪಳಿ ಎಳೆಸಿ, ಅಣ್ಣತಮ್ಮಂದಿರ ಜಮೀನು ಪಾಲು ಮಾಡಿ, ನಡುವೆ ಗಡಿಕಲ್ಲು ನೆಡಿಸುವುದು ನನ್ನ ಕೆಲಸವಾಗಿತ್ತು. ಹೀಗೆ ಅಳೆದು ಪಾಲು ಮಾಡುವುದಕ್ಕೆ ನಮ್ಮಲ್ಲಿ ಪೋಡಿ ಎನ್ನುತ್ತಾರೆ. ಕೊಡಲಿ ಹಿಡಿದು ಬಂದ ಅಣ್ಣತಮ್ಮಂದಿರು ನನ್ನ ಪೋಡಿ ಮುಗಿದ ಮೇಲೆ ಒಂದೇ ಗಿಡದ ಕೆಳಗೆ ರೊಟ್ಟಿ ಬಿಚ್ಚಿ ಉಂಡದ್ದನ್ನು ಕಣ್ಣಾರೆ ನೋಡಿದ್ದೇನೆ. ಆದ್ದರಿಂದ ನಾನು ಅವಸರ ಮಾಡದೆ ಮೊದಲು ಸ್ಥಳಪರಿಶೀಲನೆ ನಡೆಸಿದೆ. ಪರದೆಯ ಹೊರಗೆ ಕುರ್ಚಿ ಹಾಕಿಕೊಂಡು ಕೂತು ನೋಡಿದಾಗ ನನಗೆ ಕಂಡದ್ದು ಇಷ್ಟು: ಕೌದಿಯ ನಡುವೆ ಒಂದು ಹಸಿರು ತುಂಡು ಇತ್ತು, ನನ್ನ ಹೆಂಡತಿಯ ಮದುವೆಯ ಇಳಕಲ್ ಸೀರೆಯದು. ಎರಡೂ ಮಕ್ಕಳಿಗೆ ಅದರ ಮೇಲೇ ತಲೆ ಇಡಬೇಕಿತ್ತು. ಇವನು ಇಟ್ಟರೆ ಅವಳು ದಬ್ಬುವಳು, ಅವಳು ಇಟ್ಟರೆ ಇವನು ಕೂದಲು ಹಿಡಿಯುವನು.

"ತಿಳೀತು," ಎಂದೆ ಹೆಂಡತಿಗೆ. "ಇದು ನಿದ್ದಿ ಪ್ರಶ್ನೆ ಅಲ್ಲ. ಸರಹದ್ದಿನ ತಕರಾರು."

"ನಲವತ್ತು ವರ್ಷ ಮಂದಿ ಮನಿ ಒಡದ್ರಿ, ಈಗ ಕೌದಿ ಒಡೀತೀರೇನು?" ಎಂದಳು.

ಮರುದಿನ ಸಂಜೆ ಇಬ್ಬರು ಹಕ್ಕುದಾರರನ್ನೂ ಎದುರು ನಿಲ್ಲಿಸಿ, ಹೆಂಡತಿಯನ್ನು ಸಾಕ್ಷಿಗೆ ಪಂಚಳನ್ನಾಗಿ ಕೂಡಿಸಿ, ಟೇಪು ಹಿಡಿದು ಕೌದಿಯನ್ನು ಉದ್ದಗಲ ಅಳೆದೆ. ಹಸಿರು ತುಂಡು ಸರಿಯಾಗಿ ಎರಡು ಭಾಗವಾಗುವಂತೆ ನಡುವೆ ಬಿಳಿ ದಾರದಲ್ಲಿ ಉದ್ದ ಹೊಲಿಗೆ ಹಾಕಿಸಿದೆ. ದಾರದ ಎರಡು ತುದಿಗೆ ಗಡಿಕಲ್ಲಿನ ಬದಲು ಎರಡು ಸಣ್ಣ ದಿಂಬು ಇಟ್ಟೆ. ಮಕ್ಕಳಿಗೆ ತಿಳಿಯುವ ಭಾಷೆಯಲ್ಲಿ ಆದೇಶ ಓದಿ ಹೇಳಿದೆ: "ಇತ್ಲಾಗಿಂದು ಅಕ್ಕಂದು. ಅತ್ಲಾಗಿಂದು ತಮ್ಮಂದು. ದಾರ ದಾಟಬಾರದು."

ದೊಡ್ಡವಳು ದಾರವನ್ನು ಬಹಳ ಹೊತ್ತು ನೋಡಿದಳು. ಅಲ್ಲಿಯವರೆಗೆ ಅವಳಿಗೆ ಬೇಕಿದ್ದದ್ದು ಅಂಗೈಯಗಲದ ಹಸಿರು ತುಂಡು. ಈಗ ಅರ್ಧ ಕೌದಿಗೆ ಅವಳು ಮಾಲಕಿ. ಜವಾಬ್ದಾರಿಯ ಭಾರದಿಂದ ಅವಳ ಮುಖವೇ ಬದಲಾಯಿತು. ಮಲಗುವ ಮಾತು ಬಿಟ್ಟು ದಾರದ ಉದ್ದಕ್ಕೂ ಕಾವಲು ತಿರುಗತೊಡಗಿದಳು.

"ತಾತಾ, ಇವನ ಬಟ್ಟು ಬಂತು!"

"ತಾತಾ, ಉಸರು ಬಿಡಾಕತ್ಯಾನ ನನ್ನ ಕಡೆ!"

ತಮ್ಮನಿಗೆ ಆಸ್ತಿಯ ಮೋಹವಿರಲಿಲ್ಲ. ಆದರೆ ಬೆರಳು ದಾಟಿಸಿದರೆ ಅಕ್ಕ ಕೂಗುತ್ತಾಳೆ ಎಂಬುದು ಅವನಿಗೆ ಬಹಳ ಹಿಡಿಸಿತು. ದಾಟಿಸಿದ, ಕೂಗಿದಳು, ನಕ್ಕ. ಮತ್ತೆ ದಾಟಿಸಿದ. ಈ ನಡುವೆ ದೊಡ್ಡವಳು ನಾನು ನೋಡುತ್ತಿಲ್ಲವೆಂದು ತಿಳಿದು ದಿಂಬನ್ನು ಮೆಲ್ಲಗೆ ತಮ್ಮನ ಕಡೆಗೆ ಸರಿಸಿದಳು. ಗಡಿಕಲ್ಲು ಸರಿಸುವ ವಿದ್ಯೆಯನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಸೇವೆಯುದ್ದಕ್ಕೂ ಕಲ್ಲು ಸರಿಸಿದರೆಂದು ಯಾವ ಯಾವ ರೈತರನ್ನು ಬಯ್ದಿದ್ದೆನೋ ಅವರೆಲ್ಲರ ಕ್ಷಮೆಯನ್ನು ನಾನು ಮನಸ್ಸಿನಲ್ಲೇ ಕೇಳಿದೆ. ಇದು ಹುಟ್ಟಿನಿಂದ ಬರುವುದು.

ಸೊಸೆ ಕಟ್ಟೆಯಿಂದ ಎದ್ದು ಬಂದಳು. ದಾರ ನೋಡಿದಳು, ದಿಂಬು ನೋಡಿದಳು, ಕೈಯಲ್ಲಿ ಟೇಪು ಹಿಡಿದ ನನ್ನನ್ನು ನೋಡಿದಳು.

"ಇರ್ಲಿ ಬಿಡ್ರಿ ಮಾವಾರ. ನಾಳೆ ಹೇಳಿ ಬರ್ತೀನಿ ಆಸ್ಪತ್ರ್ಯಾಗ," ಎಂದಳು. ಸಿಟ್ಟಿರಲಿಲ್ಲ. ಅದೇ ನನ್ನನ್ನು ಚುಚ್ಚಿದ್ದು.

"ಇನ್ನೊಂದು ದಿನ ತಡೀಯವಾ," ಎಂದೆ. ಯಾವ ಧೈರ್ಯದ ಮೇಲೆ ಹಾಗಂದೆನೋ ಗೊತ್ತಿಲ್ಲ.

ಮರುಸಂಜೆ ಅವಳು ಮತ್ತೆ ಕಟ್ಟೆಗೆ ಹೋದಳು. ನನ್ನಲ್ಲಿ ಯಾವ ಯೋಜನೆಯೂ ಇರಲಿಲ್ಲ. ಮಕ್ಕಳು ಬಂದವರೇ ಕಾವಲು, ಒತ್ತುವರಿ, ಕೂಗಾಟ ಶುರು ಮಾಡಿದರು. ದಿಂಬು ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು, ತಮ್ಮನ ತಲೆಗೆ ಬಡಿಯಿತು. ನನಗೆ ಸಿಟ್ಟು ಬಂತು. ಪರದೆ ಎತ್ತಿ ಒಳಗೆ ನುಗ್ಗಿ, ದಿಂಬುಗಳನ್ನು ಹೊರಗೆ ಒಗೆದು, ದಾರದ ಮೇಲೆ ಉದ್ದಕ್ಕೆ ಮಲಗಿಬಿಟ್ಟೆ.

"ಇನ್ನ ನಾನs ಕಲ್ಲು. ಸರಸ್ರಿ ನೋಡೋಣು!"

ಇಬ್ಬರೂ ದಬ್ಬಿದರು. ಕಲ್ಲು ಸರಿಯಲಿಲ್ಲ, ಈ ಒಂದು ವಿಷಯದಲ್ಲಿ ನನ್ನ ಹೆಂಡತಿಯ ಅಡಿಗೆಗೆ ಋಣಿಯಾಗಿದ್ದೇನೆ. ದೊಡ್ಡವಳು ನನ್ನ ಮುಖದ ಮೇಲೆ ಬಗ್ಗಿದಳು.

"ಕಲ್ಲು ಮಾತಾಡತೈತೇನು?"

"ಇಲ್ಲ."

"ಮತ್ತ ನೀ ಮಾತಾಡಿದಿ."

ನಾನು ಬಾಯಿ ಮುಚ್ಚಿದೆ.

"ಕಲ್ಲಿಗೆ ಕಣ್ಣು ಅದಾವೇನು?"

ಉತ್ತರ ಹೇಳುವಂತಿರಲಿಲ್ಲ. ಕಣ್ಣನ್ನೂ ಮುಚ್ಚಿದೆ. ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಮಕ್ಕಳಿರುವ ಮನೆಯಲ್ಲಿ ಸದ್ದಿಲ್ಲದಿರುವುದೆಂದರೆ ಎಲ್ಲೋ ಏನೋ ಒಡೆಯಲಿದೆ ಎಂದರ್ಥ. ಆಗ ನನ್ನ ಎದೆಯ ಮೇಲೆ ಒಂದು ಸಣ್ಣ ಕೈ ತಟ್ಟಿತು. ಇನ್ನೊಮ್ಮೆ ತಟ್ಟಿತು. ಚಿಕ್ಕವನು ತನ್ನ ಅಜ್ಜಿ ತನಗೆ ಮಾಡುವ ಹಾಗೆ ನನಗೆ ಮಾಡುತ್ತಿದ್ದ. ತಾಳ ತಪ್ಪುತ್ತಿತ್ತು, ಆದರೆ ಅಭಿಪ್ರಾಯ ಒಳ್ಳೆಯದಿತ್ತು.

"ನೀ," ಎಂದ.

ನೀರು ಎಂದರ್ಥ. ದಿನದ ಸಂಕಟವೆಲ್ಲ ಅಲ್ಲಿಂದಲೇ ಹುಟ್ಟುವುದು. ನಾನು ಏಳಬೇಕೆನ್ನುವಷ್ಟರಲ್ಲಿ ಅಕ್ಕ ಪಿಸುಗುಟ್ಟಿದಳು: "ಶ್! ಕಲ್ಲು ಮಲಗೇತಿ. ಸುಮ್ನ ಬೀಳು. ಎದ್ದುಗಿದ್ದೀತು."

ಅವನು ಬಿದ್ದುಕೊಂಡ. ನಾವು ನಾಲ್ಕು ದೊಡ್ಡವರು ಸೇರಿ ಆಗಿಸಲಾಗದ್ದು ಹಾಗೆ ಆಯಿತು. ಕಾವಲು ಕಾಯುವ ಹುಚ್ಚಿದ್ದ ಹುಡುಗಿಗೆ ಈಗ ಕಾಯಲು ಒಂದು ನಿದ್ದೆ ಸಿಕ್ಕಿತ್ತು, ಅದೂ ತನ್ನದಲ್ಲದ ನಿದ್ದೆ. ನನಗೆ ಮೂಗು ತುರಿಸುತ್ತಿತ್ತು. ತುರಿಸಿಕೊಳ್ಳಲಿಲ್ಲ. ಸೊಳ್ಳೆಯೊಂದು ಒಳಗೆ ಸೇರಿಕೊಂಡಿತ್ತು. ಅದಕ್ಕೆ ಬೇಕಾದಷ್ಟು ಕುಡಿಯಲು ಬಿಟ್ಟೆ. ತಟ್ಟುವ ಕೈ ನಿಧಾನವಾಯಿತು, ನಿಂತಿತು. ಆಮೇಲೆ ಈ ಪಕ್ಕದ ಉಸಿರೂ ಉದ್ದವಾಯಿತು. ಹೆಂಡತಿ ಪರದೆಯ ಹೊರಗೆ ಬಗ್ಗಿ ನೋಡಿದಳು.

"ಏನು ಮಾಡಿದ್ರಿ?" ಎಂದು ಕಿವಿಯಲ್ಲಿ ಕೇಳಿದಳು.

"ಏನೂ ಮಾಡಲಿಲ್ಲ," ಎಂದೆ.

"ಅದs ಮೊದಲs ಮಾಡಬೇಕಿತ್ತು," ಎಂದಳು.

ಅವತ್ತಿನಿಂದ ಇದು ಮನೆಯ ಕಟ್ಟಳೆಯಾಯಿತು. ಸಂಜೆಯಾದರೆ ಮಕ್ಕಳು ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಟಿವಿಯಲ್ಲಿ ವಾರ್ತೆ ಓದುವವನು ಬಾಯಿ ತೆಗೆಯುವ ಹೊತ್ತಿಗೆ "ಕಲ್ಲು, ಬಾ" ಎಂದು ಎರಡು ಬೆರಳು ಹಿಡಿದು ಕರೆದುಕೊಂಡು ಹೋಗುತ್ತಾರೆ. ಸರಕಾರದ ಗಡಿಕಲ್ಲಿಗೆ ಸುಣ್ಣ ಬಳಿಯುತ್ತಾರೆಂದು ನಾನು ಒಮ್ಮೆ ಮಾತಿಗೆ ಹೇಳಿದ್ದೇ ತಪ್ಪಾಯಿತು. ದೊಡ್ಡವಳು ಪೌಡರಿನ ಡಬ್ಬಿ ತಂದು ನನ್ನ ತಲೆ, ಹಣೆ, ಮೀಸೆಗೆಲ್ಲ ಧಾರಾಳವಾಗಿ ಬಳಿದಳು. ಕುಷ್ಟಗಿಯ ತಂಗಿ ವೀಡಿಯೋ ಕಾಲಿನಲ್ಲಿ ನನ್ನ ಮುಖ ನೋಡಿ "ಅಣ್ಣಗ ಏನಾತವಾ?" ಎಂದು ಗಾಬರಿಯಾದಳಂತೆ. ಕಲ್ಲಾದ್ದರಿಂದ ನಾನು ವಿವರಣೆ ಕೊಡುವಂತಿರಲಿಲ್ಲ. ನನ್ನ ಹೆಂಡತಿ ಕೊಟ್ಟಳು. ಅಗತ್ಯಕ್ಕಿಂತ ಹೆಚ್ಚೇ ಕೊಟ್ಟಳು.

ಸೊಸೆಯ ರಾತ್ರಿ ಪಾಳಿ ಶುರುವಾಗುವ ಸಂಜೆ ಬಂತು. ಮಗ ಹೊರಗೆ ಸ್ಕೂಟರು ತೆಗೆದು ನಿಂತಿದ್ದ. ನಾನು ಅರೆಗಣ್ಣು ಮಾತ್ರ ತೆರೆದು ದಾರದ ಮೇಲೆ, ಎಡಕ್ಕೊಬ್ಬಳು ಬಲಕ್ಕೊಬ್ಬ. ಸೊಸೆ ಬಿಳಿ ಸಮವಸ್ತ್ರ ತೊಟ್ಟು, ಚೀಲ ಹೆಗಲಿಗೆ ಹಾಕಿಕೊಂಡು ಪರದೆಯ ಹತ್ತಿರ ಬಂದಳು. ಅವಳು ಅಳುವಿಗೆ ತಯಾರಾಗಿ ಬಂದಿದ್ದಳು. ಎರಡು ಬಿಸ್ಕತ್ತಿನ ಪೊಟ್ಟಣ ಕೈಯಲ್ಲಿ ಹಿಡಿದಿದ್ದಳು. ದೊಡ್ಡವಳು ತಲೆ ಎತ್ತಿ, ತುಟಿಯ ಮೇಲೆ ಬೆರಳಿಟ್ಟು, ಇನ್ನೊಂದು ಕೈಯಿಂದ ಹೋಗು ಹೋಗು ಎಂದು ತಾಯಿಗೆ ಸನ್ನೆ ಮಾಡಿದಳು. ಚಿಕ್ಕವನು ಪೊಟ್ಟಣದ ಕಡೆಗೆ ಕೂಡ ನೋಡಲಿಲ್ಲ. ಅವನು ಡ್ಯೂಟಿಯಲ್ಲಿದ್ದ.

ಸೊಸೆ ಹೊಸ್ತಿಲವರೆಗೆ ಹೋಗಿ ತಿರುಗಿ ಬಂದಳು. ಟಿಫಿನ್ ಡಬ್ಬಿ ಮರೆತಿದ್ದಳು. ಅದನ್ನು ತೆಗೆದುಕೊಂಡು ಹೋಗಿ ಮತ್ತೆ ಬಂದಳು. ಈ ಸಲ ಏನನ್ನೂ ಮರೆತಿರಲಿಲ್ಲ.

"ಅತ್ತಿ, ಒಬ್ಬರೂ ಅಳಲಿಲ್ಲಲ್ರಿ?" ಎಂದಳು. ಧ್ವನಿಯಲ್ಲಿ ಸಂತೋಷಕ್ಕಿಂತ ತಕರಾರು ಹೆಚ್ಚಿತ್ತು.

"ಅಳಿಸಿ ಹೋಗಬೇಕಂತ ಇದ್ದಿಯೇನು?" ಎಂದಳು ನನ್ನ ಹೆಂಡತಿ ಮೆಲ್ಲಗೆ. "ನಡಿಯವಾ, ಅಲ್ಲಿ ಯಾವಾಕಿ ಬ್ಯಾನಿ ತಿನ್ನಾಕತ್ತಾಳೋ, ನಿನ್ನ ದಾರಿ ನೋಡಾಕತ್ತಾಳೋ."

ಸೊಸೆ ಮೂಗು ಒರೆಸಿಕೊಂಡಳು. ಹೊರಡುವ ಮುನ್ನ ಬಗ್ಗಿ, ಪರದೆಗೆ ಬಾಯಿ ಹಚ್ಚಿ, "ಮಾವಾರ, ಹೋಗಿ ಬರ್ತೀನ್ರಿ," ಎಂದು ಪಿಸುಗುಟ್ಟಿದಳು.

ಹಿರಿಯನಾದವನು ಇಂಥ ಹೊತ್ತಿಗೆ ಒಂದು ಒಳ್ಳೆಯ ಮಾತು ಹೇಳಬೇಕು. ನನ್ನ ಹತ್ತಿರ ಮಾತು ತಯಾರಿತ್ತು. ಆದರೆ ಬಾಯಿ ತೆಗೆಯುವಂತಿರಲಿಲ್ಲವಾಗಿ ಒಂದು ಬೆರಳನ್ನು ಮಾತ್ರ ಮೆಲ್ಲಗೆ ಮೇಲಕ್ಕೆ ಎತ್ತಿದೆ. ಎಡಗಡೆಯಿಂದ ನಿದ್ದೆಗಣ್ಣಿನವಳ ಒಂದು ಸಣ್ಣ ಕೈ ಬಂದು, ಆ ಬೆರಳನ್ನು ಹಿಡಿದು, ಮತ್ತೆ ಕೌದಿಯ ಮೇಲೆ ಒತ್ತಿ ಇಟ್ಟಿತು. ಹೊರಗೆ ಸ್ಕೂಟರು ಹೊರಟ ಸದ್ದು ಕೇಳಿಸಿತು.